ನೀಲಿ ನೂಲಿನ ಹೇಂಟೆ

ಕೋಳಿಯನ್ನು ಪಾಪದ ಪ್ರಾಣಿ ಎನ್ನುವವರು ಕೋಳಿ ಸಾಕಿದವರಲ್ಲ. ನಾವು ಸಣ್ಣವರಿದ್ದಾಗ, ಅಂದರೆ ನಮ್ಮ ಕಡೆ ರೈಲು ಹೊಸತಾಗಿ ಓಡಲು ಶುರುವಾಗಿ, ಅದರ ಕೂಗು ಕೇಳಿದರೆ ಅಂಗಳದಲ್ಲಿದ್ದವರೆಲ್ಲ ಕೆಲಸ ಬಿಟ್ಟು ಮೂಡುದಿಕ್ಕಿಗೆ ಕಿವಿ ಕೊಡುತ್ತಿದ್ದ ಆ ವರ್ಷಗಳಲ್ಲಿ, ಕಾಪುವಿಗೂ ಕಟಪಾಡಿಗೂ ನಡುವಿನ ನಮ್ಮ ಊರಿನಲ್ಲಿ ಕೋಳಿಗೂಡು ಇಲ್ಲದ ಮನೆ ಇರಲಿಲ್ಲ. ಬೆಳಗ್ಗೆ ಗೂಡಿನ ಹಲಗೆ ಸರಿಸುವ ಸದ್ದು, ತೌಡು ಕಲಸಿದ ಗಂಜಿನೀರಿನ ಹುಳಿ ವಾಸನೆ, ಬೂದಿಯ ಜೊತೆ ಬೆರೆತ ಹಿಕ್ಕೆಯ ಘಾಟು, ಇಷ್ಟು ಹೇಳಿದರೆ ನಿಮ್ಮಲ್ಲಿ ಹಲವರಿಗೆ ನಿಮ್ಮ ನಿಮ್ಮ ಅಂಗಳ ನೆನಪಾದೀತು. ನನಗೂ ಆಗುತ್ತದೆ. ಆದರೆ ಅದರ ಜೊತೆಗೆ ಕೈಗೆ ಕುಕ್ಕಿಸಿಕೊಂಡ ನೋವು, ಸಿಟ್ಟು, ಮತ್ತು ಇಷ್ಟು ವರ್ಷ ಯಾರಿಗೂ ಹೇಳದ ಒಂದು ಕೆಲಸವೂ ನೆನಪಾಗುತ್ತದೆ.

ನಮ್ಮದು ಮರಳು ಮಣ್ಣಿನ ಜಾಗ. ಮನೆಯ ಹಿಂದೆ ಒಂದು ಹೊನ್ನೆ ಮರ, ಅದರಾಚೆ ನೆರೆಯ ಬಾಬಣ್ಣನ ಗುಳ್ಳದ ಗದ್ದೆ. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದರು, ಮನೆಗೆ ಬರುವುದು ಯಾವಾಗಲೋ ಒಮ್ಮೆ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಐದನೇ ಕ್ಲಾಸು ಮುಗಿದ ಮೇಲೆ ನಾನೂ ಅವಳ ಪಕ್ಕದಲ್ಲಿ ಗೆರಸೆ ಹಿಡಿದು ಕೂತೆ. ನನಗಿಂತ ಎರಡು ವರ್ಷಕ್ಕೆ ಸಣ್ಣವಳಾದ ತಂಗಿ ರೇವತಿ ಶಾಲೆಗೆ ಹೋಗುತ್ತಲೇ ಇದ್ದಳು. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ನನಗೆ ಲೆಕ್ಕ ಬರುತ್ತಿರಲಿಲ್ಲ, ಕೈ ಬೇಗ ಓಡುತ್ತಿತ್ತು. ಅವಳಿಗೆ ಲೆಕ್ಕ ಬರುತ್ತಿತ್ತು, ಕೈ ನಿಧಾನ. ಅಷ್ಟೆ.

ನಾವಿಬ್ಬರು ಜಗಳವಾಡದ ದಿನ ಇರಲಿಲ್ಲ. ಜಗುಲಿಯ ಯಾವ ಮೂಲೆ ಯಾರದು, ಮೀನಿನ ತಲೆ ಯಾರಿಗೆ, ಬಾವಿಯಿಂದ ನೀರು ಸೇದುವ ಸರದಿ ಯಾರದು, ಎಲ್ಲದಕ್ಕೂ ಜಗಳ. ನಾನು ಜುಟ್ಟು ಹಿಡಿಯುತ್ತಿದ್ದೆ, ಅವಳು ಕಚ್ಚುತ್ತಿದ್ದಳು. ಅಮ್ಮ ಬೀಡಿ ಎಲೆ ಕತ್ತರಿಸುವ ಕತ್ತರಿಯಿಂದ ನೆಲಕ್ಕೆ ಕುಟ್ಟಿ, "ನಿಮ್ಮಿಬ್ಬರನ್ನು ಹೆತ್ತದ್ದಕ್ಕೆ ನನಗೊಂದು ಬಹುಮಾನ ಕೊಡ್ಬೇಕು" ಎನ್ನುತ್ತಿದ್ದಳು.

ಒಂದು ವರ್ಷ ಮಳೆಗಾಲಕ್ಕೆ ಮೊದಲು ಅಮ್ಮ ಕಾವಿಗೆ ಕೂರಿಸಿದ ಹೇಂಟೆ ಒಳ್ಳೆಯ ಮರಿಗಳನ್ನೇ ಎಬ್ಬಿಸಿತು. ಕಾಗೆ ಒಯ್ದದ್ದು, ಮುಂಗುಸಿ ಒಯ್ದದ್ದು, ಗಂಡು ಎಂದು ಗೊತ್ತಾಗಿ ಸಾರಿಗೆ ಹೋದದ್ದು ಎಲ್ಲ ಕಳೆದು ಉಳಿದವೆಲ್ಲ ಹರೆಯದ ಹೇಂಟೆಗಳೇ. ಅವುಗಳಲ್ಲಿ ಎರಡು ಮಾತ್ರ ಒಂದೇ ಅಚ್ಚು. ಮೈ ಕೆಂಪು, ಕುತ್ತಿಗೆಗೆ ಕಪ್ಪು ಪಟ್ಟಿ, ಬಾಲದ ತುದಿಯಲ್ಲೂ ಅದೇ ಕಪ್ಪು. ಒಂದು ನನ್ನದು, ಒಂದು ರೇವತಿಯದು ಎಂದು ಅಮ್ಮ ಹಂಚಿದಳು. ನಮ್ಮ ಹೇಂಟೆ ಇಟ್ಟ ಮೊಟ್ಟೆ ನಮಗೆ. ಬೇಯಿಸಿ ತಿನ್ನಬಹುದು, ಅಂಗಡಿಗೆ ಕೊಡಬಹುದು, ಕೇಳುವವರಿಲ್ಲ.

ಹಂಚಿದ ಮರುಗಳಿಗೆಯೇ ಯಾವುದು ಯಾರದು ಎಂಬ ಜಗಳ ಶುರುವಾಯಿತು. ಅಮ್ಮನಿಗೆ ಸಾಕಾಗಿ, ಬೀಡಿಯ ಕುತ್ತಿಗೆಗೆ ಸುತ್ತುವ ನೂಲಿನ ಉಂಡೆಗಳನ್ನು ತಂದು ಎದುರಿಗಿಟ್ಟಳು. "ಒಬ್ಬೊಬ್ಬರು ಒಂದೊಂದು ಬಣ್ಣ ತಗೊಂಡು ಕಾಲಿಗೆ ಕಟ್ಟಿ. ಇನ್ನು ಬಾಯಿ ಬಿಟ್ಟರೆ ಎರಡನ್ನೂ ಕೊಯ್ದು ಪದಾರ್ಥ ಮಾಡ್ತೇನೆ." ನಾನು ನೀಲಿ ತೆಗೆದುಕೊಂಡೆ. ರೇವತಿ ಕೆಂಪು. ಕೆಂಪು ಕಟ್ಟಿದ ದಿನವೇ ಬೇರೆಲ್ಲ ಹೇಂಟೆಗಳು ಅದನ್ನು ಎರೆಹುಳು ಎಂದುಕೊಂಡವೋ ಏನೋ, ಕಾಲಿಗೆ ಕುಕ್ಕಿ ಕುಕ್ಕಿ ರಕ್ತ ಬರಿಸಿದವು. ರೇವತಿ ಅಳುತ್ತಲೇ ಅದನ್ನು ಬಿಚ್ಚಿ ಹಳದಿ ನೂಲು ಕಟ್ಟಿದಳು. ದಿನಾ ಶಾಲೆಗೆ ಹೋಗುವ ಮೊದಲು ನೂಲು ಬಿಗಿಯಾಗಿದೆಯೋ ಎಂದು ಬೆರಳು ತೂರಿಸಿ ನೋಡುತ್ತಿದ್ದಳು. ನನ್ನದಕ್ಕೂ ಅವಳೇ ನೋಡುತ್ತಿದ್ದಳು, ಯಾಕೆಂದರೆ ನನ್ನದು ನನ್ನ ಕೈಗೆ ಸಿಗುತ್ತಿರಲಿಲ್ಲ.

ನವರಾತ್ರಿ ಕಳೆಯುವ ತನಕ ಕೋಳಿಗಳು ಹಿತ್ತಲಲ್ಲೆಲ್ಲ ಬೇಕಾದ ಹಾಗೆ ತಿರುಗಾಡಿಕೊಂಡಿದ್ದವು. ಆಮೇಲೆ ಬಾಬಣ್ಣ ಗುಳ್ಳದ ಸಸಿ ನೆಟ್ಟ. ಗುಳ್ಳ ಎಂದರೆ ನಮ್ಮ ಕಡೆಯ ದುಂಡು ಬದನೆ, ಅದನ್ನು ಬೆಳೆಯುವವರಿಗೆ ಮಕ್ಕಳಿಗಿಂತ ಅದರ ಮೇಲೆ ಜೀವ. ಬಾಬಣ್ಣ ಬೇಲಿಯ ಆಚೆ ನಿಂತು ಅಮ್ಮನಿಗೆ ಹೇಳಿದ. "ಲಲಿತಕ್ಕ, ನಾನು ಜಗಳಕ್ಕೆ ಬಂದದ್ದಲ್ಲ. ನಿಮ್ಮ ಕೋಳಿ ನನ್ನ ಸಸಿಯ ಬುಡಕ್ಕೆ ಬಂದ್ರೆ ಮಾತ್ರ ಬರ್ತೇನೆ."

ಅಪ್ಪ ಹಿಂದೆ ತಂದುಹಾಕಿದ್ದ ಹರಕು ಬಲೆ ಇತ್ತು. ಅದನ್ನು ಹೊನ್ನೆ ಮರದ ಸುತ್ತ ಗೂಟ ನೆಟ್ಟು ಕಟ್ಟಿ, ಕೋಳಿಗಳನ್ನು ಒಳಗೆ ಹಾಕಿದೆವು. ಒಣ ಮೀನಿನ ವಾಸನೆಯ ಆ ಬಲೆಯೊಳಗೆ ಅವುಗಳ ನಿಜವಾದ ಬುದ್ಧಿ ಹೊರಗೆ ಬಂತು.

ಎಲ್ಲಕ್ಕಿಂತ ಕೆಟ್ಟದ್ದು ನನ್ನದು. ತೌಡಿನ ಬೋಗುಣಿ ಇಟ್ಟರೆ ಅದಕ್ಕೆ ಹಸಿವಿಲ್ಲದಿದ್ದರೂ ಬೇರೆಯವು ಹತ್ತಿರ ಬರಬಾರದು. ಬೂದುಬಣ್ಣದ ಸಣ್ಣ ಹೇಂಟೆಯೊಂದಿತ್ತು, ಅದರ ಬೆನ್ನಿನ ಗರಿ ಒಂದೊಂದಾಗಿ ಕಿತ್ತು ಚರ್ಮ ಕಾಣಿಸುವ ಹಾಗೆ ಮಾಡಿತು. ರಕ್ತ ಕಂಡರೆ ಉಳಿದವೂ ಸೇರಿಕೊಳ್ಳುತ್ತಿದ್ದವು. ಗಾಯಕ್ಕೆ ಬೂದಿ ಹಾಕಿದೆ, ಹೊನ್ನೆ ಎಣ್ಣೆ ಹಚ್ಚಿದೆ. ಎಣ್ಣೆ ಹಚ್ಚಿದ ಜಾಗ ಬಿಟ್ಟು ಪಕ್ಕದಲ್ಲಿ ಕುಕ್ಕಿದವು. ಕೊನೆಗೆ ಆ ಬೂದು ಹೇಂಟೆಯನ್ನು ಅಡಿಗೆಮನೆಯ ಮೂಲೆಯಲ್ಲಿ ಬುಟ್ಟಿಯಡಿ ಇಟ್ಟೆವು. ಅಮ್ಮ ಒಲೆ ಉರಿಸುವಾಗೆಲ್ಲ ಅದು ಅತ್ತೆಯ ಹಾಗೆ ಗೊಣಗುತ್ತಿತ್ತು.

ಬಲೆಯೊಳಗೆ ಕಾಲಿಟ್ಟರೆ ನನ್ನ ಹೇಂಟೆ ಕುತ್ತಿಗೆಯ ಗರಿ ಹರಡಿಕೊಂಡು ಓರೆಯಾಗಿ ಓಡಿ ಬಂದು ಮೀನಖಂಡಕ್ಕೆ ಕುಕ್ಕುತ್ತಿತ್ತು. ಹುಂಜವೂ ಅಲ್ಲ, ಮರಿ ಇರುವ ತಾಯಿಯೂ ಅಲ್ಲ, ಇನ್ನೂ ಒಂದು ಮೊಟ್ಟೆ ಇಟ್ಟದ್ದಿಲ್ಲ. ಇಷ್ಟು ಅಹಂಕಾರ ಎಲ್ಲಿಂದ ಬಂತೋ.

ಉಪದೇಶಕ್ಕೆ ಮಾತ್ರ ಬರ ಇರಲಿಲ್ಲ. ಕಟ್ಟಿದ ಬೀಡಿ ಕೊಟ್ಟು ಎಲೆ ತರಲು ಬೀಡಿ ಬ್ರಾಂಚಿಗೆ ಹೋದರೆ ಅಲ್ಲಿ ಕೂತ ಹೆಂಗಸರೆಲ್ಲ ಕೋಳಿ ಪಂಡಿತರು.

"ಉಪ್ಪು ಸಾಲದು ಅದಕ್ಕೆ. ತೌಡಿಗೆ ಒಂದು ಚಿಟಿಕೆ ಉಪ್ಪು ಹಾಕು ಯಶೋದಾ" ಎಂದರು ಒಬ್ಬರು.

"ಉಪ್ಪು ಹಾಕಿದ್ರೆ ಸಾಯ್ತದೆ. ಬಾಳೆದಿಂಡು ಕಟ್ಟಿ ತೂಗುಹಾಕು, ಅದಕ್ಕೇ ಕುಕ್ಕುತ್ತಾ ಇರ್ತದೆ" ಎಂದರು ಗಿರಿಜಕ್ಕ.

"ಒಂದು ಹುಂಜ ಬಿಡಿ ಅದರ ಮಧ್ಯೆ. ಗಂಡು ದಿಕ್ಕಿಲ್ಲದ ಮನೆ ಹಾಗೇ ಆಗುದು" ಎಂದ ಎಲೆ ತೂಗುವವನು. ಹೆಂಗಸರೆಲ್ಲ ಅವನನ್ನು ನೋಡಿದ ನೋಟಕ್ಕೆ ಅವನು ಮತ್ತೆ ತಕ್ಕಡಿ ಕಡೆ ತಿರುಗಿದ.

ಉಪ್ಪು ಹಾಕಿದೆ. ಬಾಳೆದಿಂಡು ಕಟ್ಟಿದೆ. ಬಸಳೆಯ ಬಳ್ಳಿ ತೂಗುಹಾಕಿದೆ. ಒಂದು ದಿನ ಇಡೀ ಬುಟ್ಟಿ ಕವುಚಿ ಕತ್ತಲಲ್ಲಿ ಇಟ್ಟೆ. ಹೊರಗೆ ಬಿಟ್ಟಾಗ, ಒಳಗೆ ಕೂತು ಯಾರಿಗೆಲ್ಲ ಕುಕ್ಕಬೇಕೆಂದು ಯೋಚಿಸಿಟ್ಟುಕೊಂಡಿದ್ದ ಹಾಗೆ ಒಂದೊಂದಾಗಿ ಕುಕ್ಕಿತು. ಮೊದಲನೆಯವಳು ನಾನೇ.

ರೇವತಿಯ ಹೇಂಟೆ ಮಾತ್ರ ಬೇರೆ ಥರ. ನೋಡಲು ಅದೇ ಕೆಂಪು, ಅದೇ ಕಪ್ಪು ಕುತ್ತಿಗೆ. ಅವಳು ಶಾಲೆಯಿಂದ ಬಂದು ಬಲೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತರೆ ಅದು ಬಂದು ಅವಳ ಕೈಯ ಕೆಳಗೆ ಮೈ ಅಡಗಿಸಿ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಅವಳು ಬೆನ್ನು ಸವರುತ್ತಾ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡುತ್ತಿದ್ದಳು.

"ನೋಡು, ನನ್ನದು ಶಾಲೆ ಕಲೀತದೆ" ಎಂದಳು ಒಮ್ಮೆ.

ತಮಾಷೆಗೆ ಹೇಳಿದ್ದು. ನಾನು ಗೆರಸೆಯಲ್ಲಿದ್ದ ಹೊಗೆಸೊಪ್ಪಿನ ಪುಡಿ ಒಂದು ಹಿಡಿ ಅವಳ ಮುಖಕ್ಕೆ ಎಸೆದೆ. ಅವಳು ಬಂದು ನನ್ನ ಭುಜಕ್ಕೆ ಕಚ್ಚಿದಳು. ಅಮ್ಮ ಇಬ್ಬರಿಗೂ ಹೊಡೆದಳು.

ದೀಪಾವಳಿ ಕಳೆದ ಮೇಲೆ ರೇವತಿಯ ಕಣ್ಣು ಹಳದಿಯಾಯಿತು. ಕಾಮಾಲೆ ಎಂದರು. ಕಾರ್ಕಳದ ಹತ್ತಿರ ದೊಡ್ಡಮ್ಮನ ಮನೆ, ಅಲ್ಲಿ ಪಕ್ಕದಲ್ಲೇ ಮದ್ದು ಅರೆದು ಕೊಡುವವರಿದ್ದರು. ಉಪ್ಪಿಲ್ಲದ ಗಂಜಿ, ಮಜ್ಜಿಗೆಯಲ್ಲಿ ನೆಲನೆಲ್ಲಿ, ಎಣ್ಣೆ ಮೀನು ಎಲ್ಲ ದೂರ. ಅಲ್ಲೇ ಇರಲಿ ಎಂದಾಯಿತು. ಬಸ್ಸಿಗೆ ಹೊರಡುವ ಮೊದಲು ಅವಳು ಬಲೆಯ ಹತ್ತಿರ ಹೋಗಿ ತನ್ನದರ ನೂಲು ಸಡಿಲ ಮಾಡಿ ಬಂದಳು.

"ಅಕ್ಕಾ, ಅದು ನಿನ್ನದರ ಎದುರು ತಿನ್ನುದಿಲ್ಲ. ಬೇರೆ ಹಾಕು ಆಯ್ತಾ?"

"ನಿನ್ನ ಕೋಳಿಗೆ ನಾನು ಬಡಿಸ್ಲಿಕ್ಕೆ ಕೂತದ್ದಾ?"

"ಅಕ್ಕಾ."

"ಆಯ್ತು ಮಾರಾಯ್ತಿ, ಹೋಗು."

ಬೇರೆಯೇ ಹಾಕಿದೆ. ಅದನ್ನು ಹೇಳಲೇಬೇಕು, ಹಾಕಿದೆ. ಮೊದಮೊದಲು.

ಅವಳು ಹೋದ ಮೇಲೆ ನನ್ನ ಕೆಲಸ ಹೆಚ್ಚಾಯಿತು. ಅಮ್ಮ ವಾರಕ್ಕೊಮ್ಮೆ ಕಾರ್ಕಳಕ್ಕೆ ಹೋಗಿ ಬರುವಳು. ಆ ದಿನದ ಅವಳ ಪಾಲಿನ ಬೀಡಿಯನ್ನೂ ನಾನೇ ಕಟ್ಟಬೇಕು, ಅಡಿಗೆ ಆಗಬೇಕು, ಕೋಳಿ ನೋಡಬೇಕು. ಅಮ್ಮ ವಾಪಸ್ ಬಂದು ಮಾತಾಡುವುದೆಲ್ಲ ರೇವತಿಯದೇ. ಎಳನೀರು ಕುಡಿದಳು, ಮಲಗಿಕೊಂಡೇ ಪುಸ್ತಕ ಓದುತ್ತಾಳೆ, ದೊಡ್ಡಮ್ಮನಿಗೆ ಅವಳೆಂದರೆ ಪ್ರಾಣ. ನನ್ನ ಮೀನಖಂಡದಲ್ಲಿದ್ದ ಗಾಯ ಅಮ್ಮನಿಗೆ ಕಂಡದ್ದು ನಾನು ತೋರಿಸಿದಾಗಲೇ. "ಅದು ಕುಕ್ಕುವ ತನಕ ನೀನು ಎಂತಕ್ಕೆ ನಿಂತದ್ದು?" ಎಂದಳು.

ಹೀಗಿರುವಾಗ ಒಂದು ಬೆಳಗ್ಗೆ ನನ್ನ ಹೇಂಟೆ ಬಲೆಯ ಹರಕಿನಲ್ಲಿ ನುಗ್ಗಿ ಹೊರಗೆ ಹೋಯಿತು. ಬಾಬಣ್ಣನ ಗದ್ದೆಯ ಒಂದು ಸಾಲಿನ ಸಸಿಗಳನ್ನು ಕೆದರಿ ಬೇರು ಮೇಲೆ ಮಾಡಿತು. ಅದು ಹೋಗಲಿ. ಅವನ ಮೊಮ್ಮಗ, ಆಗಷ್ಟೇ ನಡೆಯಲು ಕಲಿತ ಮಗು, ಅದನ್ನು ಹಿಡಿಯಲು ಕೈ ಚಾಚಿತು. ಹೇಂಟೆ ಹಾರಿ ಮಗುವಿನ ಕೆನ್ನೆಗೆ ಕುಕ್ಕಿತು. ಕಣ್ಣಿನಿಂದ ಒಂದು ಬೆರಳಗಲ ಕೆಳಗೆ.

ಬಾಬಣ್ಣ ಈ ಸಲ ಬೇಲಿಯ ಆಚೆ ನಿಲ್ಲಲಿಲ್ಲ. ಮಗುವನ್ನು ಎತ್ತಿಕೊಂಡು ನೇರ ಜಗುಲಿಗೆ ಬಂದ. ಬೈಯಲೂ ಇಲ್ಲ. ಮಗುವಿನ ಮುಖವನ್ನು ಅಮ್ಮನ ಕಡೆ ತಿರುಗಿಸಿ ಹಿಡಿದ, ಅಷ್ಟೆ. ಅಮ್ಮ ಗೆರಸೆ ಬದಿಗಿಟ್ಟು ಎದ್ದು ನಿಂತಳು.

"ಬಾಬಣ್ಣ, ಇವತ್ತಿಗೆ ಅದರ ಋಣ ಮುಗೀತು. ಬರುವ ಮಂಗಳವಾರ ತವರಿನಲ್ಲಿ ಅಗೆಲು ಉಂಟು. ಅದನ್ನೇ ಕೊಡ್ತೇನೆ."

ಅಗೆಲು ಎಂದರೆ ನಮ್ಮಲ್ಲಿ ದೈವಕ್ಕೆ ಬಾಳೆ ಎಲೆಯ ಮೇಲೆ ಅನ್ನ, ಕೋಳಿ ಪದಾರ್ಥ ಬಡಿಸುವ ಸೇವೆ. ರೇವತಿಗೆ ಗುಣವಾಗಲಿ ಎಂದು ಅಮ್ಮ ಮೊದಲೇ ಹೇಳಿಕೊಂಡಿದ್ದಳು. ಆ ಸಂಜೆ ಅವಳು ತುಳಸಿಯ ಹತ್ತಿರ ದೀಪ ಇಟ್ಟು, ದೈವದ ಹೆಸರು ಹೇಳಿ, "ನೀಲಿ ನೂಲಿನ ಹೇಂಟೆಯನ್ನು ನಿನಗೆ ಬಿಟ್ಟಿದ್ದೇನೆ" ಎಂದು ಕೈ ಮುಗಿದಳು. ಹಾಗೆ ಬಾಯಲ್ಲಿ ಹೇಳಿದ ಮೇಲೆ ಮುಗಿಯಿತು. ಅದನ್ನು ಮಾರುವ ಹಾಗಿಲ್ಲ, ತಿನ್ನುವ ಹಾಗಿಲ್ಲ, ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ.

ಆ ಹೇಂಟೆಯ ಮೇಲೆ ನನಗೆ ಪ್ರೀತಿ ಇತ್ತೆಂದು ಹೇಳಿದರೆ ಸುಳ್ಳಾದೀತು. ಅದರಿಂದ ತಲೆ ಕೆಟ್ಟು ಹೋಗಿತ್ತು. ಆದರೆ ಅದು ನನ್ನದಾಗಿತ್ತು. ಕಟ್ಟಿದ ಬೀಡಿ ನನ್ನದಲ್ಲ, ಉಟ್ಟ ಲಂಗ ಚಿಕ್ಕಮ್ಮನ ಮಗಳದ್ದು, ಬರೆಯಲು ಪುಸ್ತಕವಿಲ್ಲ. ಮನೆಯಲ್ಲಿ ನನ್ನದು ಎಂದು ತೋರಿಸಲು ಇದ್ದದ್ದು ಆ ಕೆಟ್ಟ ಪ್ರಾಣಿಯೊಂದೇ. ಇನ್ನೇನು ಮೊಟ್ಟೆ ಇಡುವ ಹೊತ್ತು, ಅದರ ಜುಟ್ಟು ಕೆಂಪಾಗಿತ್ತು. ಅದನ್ನೂ ರೇವತಿಗಾಗಿಯೇ ಕೊಡಬೇಕು.

ಸೋಮವಾರ ಅಮ್ಮ ಬ್ರಾಂಚಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಮೂರುಸಂಜೆಯಾಗಿತ್ತು. ಆ ಹೊತ್ತಿಗೆ ಕೋಳಿಗಳಿಗೆ ಕಣ್ಣು ಕಾಣುವುದಿಲ್ಲ, ಎಂಥ ಜಗಳಗಂಟಿಯೂ ಹಿಡಿದವರ ಕೈಯಲ್ಲಿ ಹಿಟ್ಟಿನ ಮುದ್ದೆಯಾಗುತ್ತದೆ. ನಾನು ಗೂಡಿನೊಳಗೆ ಕೈ ಹಾಕಿ ಎರಡನ್ನೂ ಹೊರಗೆ ತೆಗೆದೆ. ಒಂದನ್ನು ಮೊಣಕಾಲ ಸಂದಿಯಲ್ಲಿ ಇಟ್ಟುಕೊಂಡು ನೀಲಿ ನೂಲು ಬಿಚ್ಚಿದೆ, ಹಳದಿ ಕಟ್ಟಿದೆ. ಇನ್ನೊಂದಕ್ಕೆ ನೀಲಿ ಕಟ್ಟಿದೆ. ದಿನವಿಡೀ ನೂಲು ಸುತ್ತಿ ಗಂಟು ಹಾಕುವ ಕೈ, ಎಷ್ಟು ಹೊತ್ತು ಬೇಕು. ರೇವತಿಯದು ನನ್ನ ಕೈಯ ಕೆಳಗೂ ಮೈ ಅಡಗಿಸಿ ಕೂತಿತು. ಅವಳೇ ಎಂದುಕೊಂಡಿತೋ ಏನೋ.

ಅಮ್ಮ ದೈವಕ್ಕೆ ಹೇಳಿದ್ದು ನೀಲಿ ನೂಲಿನ ಹೇಂಟೆ. ಕೊಡುವುದೂ ನೀಲಿ ನೂಲಿನ ಹೇಂಟೆಯೇ. ಮಾತು ತಪ್ಪಲಿಲ್ಲ. ಹೀಗೆ ನನಗೆ ನಾನೇ ಹೇಳಿಕೊಂಡೆ. ಐದನೇ ಕ್ಲಾಸಿಗೆ ಬಿಟ್ಟವಳಿಗೆ ಈ ಲೆಕ್ಕ ಮಾತ್ರ ಚೆನ್ನಾಗಿ ಬಂತು. ರೇವತಿಗೆ ಶಾಲೆ ಉಂಟು, ದೊಡ್ಡಮ್ಮ ಉಂಟು, ಎಳನೀರು ಉಂಟು. ಎರಡೂ ಒಂದೇ ಥರ ಕಾಣುವ ಕೋಳಿ, ಬಂದಾಗ ಹಳದಿ ನೂಲಿನದ್ದು ಅಲ್ಲೇ ಇರುತ್ತದೆ, ಅವಳಿಗೆ ಏನು ಕಡಿಮೆಯಾಯಿತು. ಇದೂ ಅದೇ ಲೆಕ್ಕದ ಮುಂದಿನ ಸಾಲು.

ಮಂಗಳವಾರ ಬೆಳಕು ಹರಿಯುವಾಗಲೇ ಸಂಜೀವ ಮಾವ, ಅಮ್ಮನ ತಮ್ಮ, ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬಂದರು. ಗೂಡಿನ ಹಲಗೆ ಸರಿಸಿ ನೂಲು ನೋಡಿ ಎತ್ತಿಕೊಂಡರು.

"ಇದಾ ಅಕ್ಕ, ಊರಿಗೇ ಕುಕ್ಕುವ ಹೇಂಟೆ? ಇದು ಮಾತೇ ಆಡುದಿಲ್ಲ."

"ಬೆಳಕಾಗ್ಲಿ, ಗೊತ್ತಾಗ್ತದೆ. ಕೈ ಜಾಗ್ರತೆ" ಎಂದಳು ಅಮ್ಮ ಒಳಗಿನಿಂದಲೇ.

ಮಾವ ನಗುತ್ತಾ ಬುಟ್ಟಿಯ ಬಾಯಿ ಕಟ್ಟಿದರು. ನಾನು ಅಲ್ಲೇ ಹಲ್ಲುಜ್ಜುತ್ತಾ ನಿಂತಿದ್ದೆ. ಬಾಯಿಯಲ್ಲಿ ಮಾವಿನ ಎಲೆ ಇತ್ತು, ಅದನ್ನು ಉಗಿದು ಒಂದು ಮಾತು ಹೇಳಲು ಸಾಕಷ್ಟು ಹೊತ್ತಿತ್ತು. ಸೈಕಲ್ಲು ಬೇಲಿ ದಾಟಿತು.

ಸಂಜೆ ನಾವೂ ಹೋದೆವು, ಮಾವನ ಮನೆಯಲ್ಲಿ ಅಗೆಲು ಆಯಿತು. ಹುರಿದ ತೆಂಗಿನಕಾಯಿ, ಕೊತ್ತಂಬರಿಯ ಪರಿಮಳ ಇಡೀ ಹಿತ್ತಲಿಗೆ ಹರಡಿತ್ತು. ಮಾವ ದೈವದ ಎದುರು, ಹುಡುಗಿಗೆ ಬೇಗ ಗುಣವಾಗಲಿ ಎಂದು ಕೇಳಿಕೊಂಡರು. ನನಗೂ ಎಲೆ ಹಾಕಿದರು. ನಾನು ಊಟ ಮಾಡಿದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬೇಕೆಂದು ಈಗ ಆಸೆಯಾಗುತ್ತದೆ. ಇಳಿಯಿತು. ಎರಡನೇ ಸಲ ಪದಾರ್ಥ ಹಾಕಿಸಿಕೊಂಡೆ.

ಮರುದಿನ ಹಳದಿ ನೂಲಿನ ಹೇಂಟೆ ಅಮ್ಮನ ಕಾಲಿಗೆ ಕುಕ್ಕಿತು. ಅಮ್ಮ ಗುಡಿಸುತ್ತಿದ್ದ ಹಿಡಿಸೂಡಿ ಎಸೆದು ನನ್ನನ್ನು ನೋಡಿದಳು.

"ಇದಕ್ಕೂ ಬಂತಾ ಆ ಬುದ್ಧಿ?"

ಬೇಲಿಯ ಆಚೆಯಿಂದ ಬಾಬಣ್ಣನೇ ನನ್ನನ್ನು ಕಾಪಾಡಿದ. "ಅದು ಹಾಗೆಯೇ ಲಲಿತಕ್ಕ. ಕುರ್ಚಿ ಖಾಲಿ ಆದ್ರೆ ಪಕ್ಕದವ ಕೂರ್ತಾನೆ. ನಿನ್ನೆವರೆಗೆ ಪಾಪದವ, ಇವತ್ತು ಅವನೇ ದೊಡ್ಡ ಜನ. ನಮ್ಮ ಪಂಚಾಯತಿನಲ್ಲಿ ನೋಡುದಿಲ್ವಾ?"

"ಸಾಕಪ್ಪ ಈ ಜಾತಿ" ಎಂದು ಅಮ್ಮ ಹಿಡಿಸೂಡಿ ಹೆಕ್ಕಿಕೊಂಡಳು. ಆದರೆ ಹಳದಿ ನೂಲಿನದು ರೇವತಿಯದು. ಕಾಯಿಲೆಯ ಮಗಳ ಕೋಳಿಯನ್ನು ಅಮ್ಮ ಮುಟ್ಟುವಂತಿರಲಿಲ್ಲ. ಬಲೆಯ ಹರಕು ಹೊಲಿದು, ಬಾಬಣ್ಣನ ಕಡೆ ತೆಂಗಿನ ಮಡಲು ಕಟ್ಟಿ, ಅದನ್ನು ಸಹಿಸಿಕೊಂಡಳು. ಹೀಗೆ ನನ್ನ ಹೇಂಟೆ ತಂಗಿಯ ಹೆಸರಿನಲ್ಲಿ ರಾಜ್ಯಭಾರ ಮಾಡಿತು. ಅದರ ಹತ್ತಿರ ಹೋಗಿ ನನ್ನದು ಎಂದು ಹೇಳುವ ಹಾಗೂ ಇಲ್ಲ. ಯಾವುದನ್ನು ಉಳಿಸಿಕೊಳ್ಳಲು ಅಷ್ಟು ಮಾಡಿದೆನೋ ಅದನ್ನೇ ಬಿಟ್ಟುಕೊಟ್ಟಿದ್ದೆ. ಇದು ನನಗೆ ನೂಲು ಕಟ್ಟುವಾಗ ಹೊಳೆದಿರಲಿಲ್ಲ. ಹೊಳೆದಾಗ ಸಿಟ್ಟು ಬಂತು, ಅದೂ ರೇವತಿಯ ಮೇಲೆಯೇ.

ಸಂಕ್ರಾಂತಿಗೆ ಮೊದಲು ಅವಳು ಬಂದಳು. ಬಸ್ಸಿಳಿದು ಬಂದವಳು ಕಾಲು ತೊಳೆಯಲಿಲ್ಲ, ಚೀಲ ಜಗುಲಿಯಲ್ಲಿಟ್ಟು ನೇರ ಹೊನ್ನೆ ಮರದ ಬುಡಕ್ಕೆ ಹೋದಳು. ತುಂಬಾ ಇಳಿದಿದ್ದಳು, ಕುತ್ತಿಗೆಯ ಎಲುಬು ಕಾಣುತ್ತಿತ್ತು. ಬಲೆ ಎತ್ತಿ ಒಳಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿದಳು. ಹಳದಿ ನೂಲಿನ ಹೇಂಟೆ ಕುತ್ತಿಗೆ ಹರಡಿಕೊಂಡು ಓರೆಯಾಗಿ ಓಡಿ ಬಂದು ಅವಳ ಕೈಯ ಹಿಂಬದಿಗೆ ಕುಕ್ಕಿತು.

ಅವಳು ಕೈ ಎಳೆದುಕೊಳ್ಳಲಿಲ್ಲ. ರಕ್ತದ ಚುಕ್ಕೆ ಮೂಡಿತು, ಅದನ್ನು ನೋಡಿದಳು. ಹೇಂಟೆಯನ್ನು ನೋಡಿದಳು. ಆಮೇಲೆ ಬಲೆಯ ಹೊರಗೆ ನಿಂತಿದ್ದ ನನ್ನನ್ನು ನೋಡಿದಳು. ನಾನು ಅವಳು ಎದ್ದು ಬರುವುದನ್ನು ಕಾಯುತ್ತಿದ್ದೆ. ಬಂದು ಕಚ್ಚುತ್ತಾಳೆ, ಕಿರಿಚುತ್ತಾಳೆ, ಅಮ್ಮ ಬರುತ್ತಾಳೆ, ಎಲ್ಲ ಹೊರಬೀಳುತ್ತದೆ. ಅದಕ್ಕೆ ನಾನು ತಯಾರಾಗಿದ್ದೆ. ಹೇಳಬೇಕಾದ ಸುಳ್ಳುಗಳನ್ನೂ ಜೋಡಿಸಿಟ್ಟಿದ್ದೆ.

"ಎಂತಾಯ್ತು ರೇವು?" ಅಮ್ಮ ಜಗುಲಿಯಿಂದ ಕೇಳಿದಳು.

"ಎಂತ ಇಲ್ಲಮ್ಮ. ಇದಕ್ಕೆ ನನ್ನ ಗುರುತು ಮರೆತಿದೆ."

"ಅಕ್ಕನದ್ದನ್ನು ಅಗೆಲಿಗೆ ಕೊಟ್ಟೆವು. ನಿನ್ನದನ್ನು ಅಕ್ಕ ಚೆನ್ನಾಗಿ ನೋಡ್ಕೊಂಡಿದ್ದಾಳೆ, ಅಲ್ವಾ?"

"ಹೌದು" ಎಂದಳು ರೇವತಿ. ಕೈಯನ್ನು ಲಂಗಕ್ಕೆ ಒರೆಸಿಕೊಂಡು, ನನ್ನ ಪಕ್ಕದಿಂದ ಹಾದು ಕಾಲು ತೊಳೆಯಲು ಹೋದಳು.

ಶಾಲೆಗೆ ಹೋಗಲು ಶಕ್ತಿ ಬರುವ ತನಕ ಅವಳು ಮನೆಯಲ್ಲಿದ್ದಳು. ಆ ದಿನಗಳಲ್ಲಿ ಅವಳು ಆ ಹೇಂಟೆಯನ್ನು ಹಿಡಿದು ಕಂಕುಳಲ್ಲಿ ಇಟ್ಟುಕೊಂಡು ಓದಲು ಕೂರುತ್ತಿದ್ದಳು. ಮೊದಲ ದಿನ ಅದು ರೆಕ್ಕೆ ಬಡಿದು, ಉಗುರಿನಿಂದ ಅವಳ ಹೊಟ್ಟೆ ಗೀರಿ, ಪುಸ್ತಕದ ಮೇಲೆ ಹಿಕ್ಕೆ ಹಾಕಿ ರಂಪ ಮಾಡಿತು. ಅವಳು ಬಿಡಲಿಲ್ಲ, ಹೊಡೆಯಲೂ ಇಲ್ಲ. ಅದು ಒದ್ದಾಡಿ ಸುಸ್ತಾಗಿ ಸುಮ್ಮನಾದ ಮೇಲೆ ಮಾತ್ರ ನೆಲಕ್ಕೆ ಇಳಿಸಿದಳು. ಮರುದಿನ ಮತ್ತೆ. ನಾನು ಎದುರಿಗೆ ಬೀಡಿ ಕಟ್ಟುತ್ತಾ ನೋಡುತ್ತಿದ್ದೆ. ಉಪ್ಪು, ಬಾಳೆದಿಂಡು, ಕತ್ತಲ ಬುಟ್ಟಿ ಎಲ್ಲ ಮಾಡಿ ಸೋತ ನನ್ನೆದುರಿಗೆ, ಆ ಕೊಬ್ಬಿದ ಪ್ರಾಣಿ ಶಿವರಾತ್ರಿಯ ಹೊತ್ತಿಗೆ ಅವಳ ಹಿಂದೆ ಹಿಂದೆ ನಡೆಯತೊಡಗಿತು. ಬೂದುಬಣ್ಣದ್ದನ್ನು ಅಡಿಗೆಮನೆಯಿಂದ ಹೊರಗೆ ಬಿಟ್ಟರೂ ಅದು ಕುಕ್ಕಲಿಲ್ಲ.

ಅದು ಇಟ್ಟ ಮೊದಲ ಮೊಟ್ಟೆಯನ್ನು ರೇವತಿ ತಂದು ನನ್ನ ಗೆರಸೆಯ ಅಂಚಿನಲ್ಲಿಟ್ಟಳು. ಇನ್ನೂ ಬೆಚ್ಚಗಿತ್ತು.

"ನನಗ್ಯಾಕೆ? ನಿನ್ನ ಕೋಳಿಯದ್ದು" ಎಂದೆ.

"ನೀನು ತಿನ್ನು ಅಕ್ಕ" ಎಂದಳು.

ಅಷ್ಟು ಮೆತ್ತಗೆ ಅವಳು ನನಗೆ ಅದುವರೆಗೆ ಏನನ್ನೂ ಹೇಳಿರಲಿಲ್ಲ. ಎರಡನೆಯ ಮೊಟ್ಟೆಯನ್ನೂ ಹಾಗೆಯೇ ಕೊಟ್ಟಳು, ಮೂರನೆಯದನ್ನೂ. ನಾನು ತಿಂದೆ. ತಿನ್ನದಿದ್ದರೆ ಒಪ್ಪಿಕೊಂಡ ಹಾಗೆ ಆಗುತ್ತಿತ್ತು.

ಆಮೇಲೆ ನಾವಿಬ್ಬರು ಜಗಳವಾಡಲಿಲ್ಲ. ಜಗುಲಿಯ ಮೂಲೆಯಲ್ಲಿ ನಾನು ಕೂತರೆ ಅವಳು ಬೇರೆ ಕಡೆ ಕೂತಳು. ಮೀನಿನ ತಲೆ ನನ್ನ ಬಟ್ಟಲಿಗೆ ಬಂತು. ನೀರಿನ ಸ್ವರ ಕೇಳಿ ಹೊರಗೆ ಬಂದರೆ ನನ್ನ ಸರದಿಯ ಕೊಡವೂ ತುಂಬಿರುತ್ತಿತ್ತು. ಬೇಕೆಂದೇ ಅವಳ ರಿಬ್ಬನ್ನು ಕಟ್ಟಿಕೊಂಡು ಅವಳೆದುರು ಓಡಾಡಿದೆ. "ಚಂದ ಕಾಣ್ತದೆ ಅಕ್ಕ" ಎಂದಳು. ಅಮ್ಮ ಗಿರಿಜಕ್ಕನ ಹತ್ತಿರ, "ಕಾಯಿಲೆ ಬಂದು ಹೋದ ಮೇಲೆ ನನ್ನ ಸಣ್ಣವಳಿಗೆ ಎಷ್ಟು ಬುದ್ಧಿ ಬಂತು ನೋಡಿ" ಎಂದು ಹೇಳಿ ಹಿಗ್ಗುತ್ತಿದ್ದಳು. ನನಗೆ ಮಾತ್ರ ಮನೆಯಲ್ಲಿ ಯಾರೋ ನೆಂಟರು ಬಂದು ಉಳಿದ ಹಾಗಿತ್ತು.

ಈಗ ನಮ್ಮ ಸುತ್ತಮುತ್ತ ಯಾರ ಅಂಗಳದಲ್ಲೂ ಕೋಳಿಯಿಲ್ಲ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದಾರೆ, ಕೆದರಲು ಮಣ್ಣೇ ಇಲ್ಲ. ಮೊಟ್ಟೆ ಅಂಗಡಿಯಿಂದ ಟ್ರೇಯಲ್ಲಿ ಬರುತ್ತದೆ, ಎಲ್ಲ ಒಂದೇ ಬಣ್ಣ. ಬ್ರಾಂಚಿನ ಕಟ್ಟಡದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಬಾಬಣ್ಣ ಹೋದ, ಅಮ್ಮ ಹೋದಳು. ಈ ನಷ್ಟಗಳೆಲ್ಲ ಎಲ್ಲರಿಗೂ ಆದದ್ದು, ಅದಕ್ಕೆ ನಾನೊಬ್ಬಳೇ ಅಳಬೇಕಾಗಿಲ್ಲ. ನನ್ನದೇ ಆದ ನಷ್ಟ ಒಂದೇ. ಅದು ಮಣಿಪಾಲದಲ್ಲಿ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದೆ, ಭಾನುವಾರಕ್ಕೊಮ್ಮೆ ಫೋನ್ ಮಾಡಿ "ಊಟ ಆಯ್ತಾ ಅಕ್ಕ, ಬಿ.ಪಿ. ಮಾತ್ರೆ ತಗೊಂಡ್ಯಾ" ಎಂದು ಕೇಳುತ್ತದೆ. ಅಮ್ಮನ ಸೀರೆಗಳನ್ನು ಹಂಚಿಕೊಳ್ಳುವ ದಿನ, "ನಿನಗೆ ಬೇಕಾದ್ದು ತಗೋ ಅಕ್ಕ, ಉಳಿದದ್ದು ನನಗಿರ್ಲಿ" ಎಂದಿತು. ನೆರೆಯವರು ಇಂಥ ತಂಗಿ ಯಾರಿಗುಂಟು ಎಂದರು.

ಕಳೆದ ವರ್ಷ ಅವಳ ಮನೆಗೆ ಹೋಗಿದ್ದಾಗ, ಅವಳು ಅಡಿಗೆಮನೆಯಲ್ಲಿ ಗುಳ್ಳ ಹೆಚ್ಚುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಇವತ್ತು ಹೇಳಿಯೇ ಬಿಡುವುದು ಎಂದು ನಿಶ್ಚಯಿಸಿ ಹೋಗಿದ್ದೆ.

"ರೇವು, ಆ ಹಳದಿ ನೂಲಿನ ಹೇಂಟೆ ನೆನಪುಂಟಾ? ನಿನಗೆ ಕಾಮಾಲೆ ಆದಾಗ. ಅದು ನಿಜಕ್ಕೂ..."

ಅವಳ ಕೈ ನಿಂತಿತು. ಒಂದು ಗಳಿಗೆ, ಬಲೆಯೊಳಗಿಂದ ನೋಡಿದ ಆ ಹುಡುಗಿ ಅಲ್ಲಿ ಇದ್ದಳು. ಬೈಯಲಿ ಎಂದು ನಾನು ಕಾದೆ. ಈ ವಯಸ್ಸಿನಲ್ಲಿ ಬಂದು ನನ್ನ ಭುಜ ಕಚ್ಚಿದರೂ ಆಗುತ್ತಿತ್ತು.

"ಅದು ನನ್ನದೇ ಅಕ್ಕ. ನಾನು ಸಾಕಿದ್ದಲ್ವಾ" ಎಂದಳು. ಹೋಳುಗಳನ್ನು ನೀರಿಗೆ ಹಾಕಿ, ನನ್ನ ಕಡೆ ತಿರುಗದೆಯೇ ಕೇಳಿದಳು. "ನಿನಗೆ ಖಾರ ಎಷ್ಟು ಹಾಕ್ಲಿ?"